ವಂಡರ್‌ಲಾ ಪ್ರವಾಸಕ್ಕೆ ರಾತ್ರಿ ವಸ್ತಿ ಎಲ್ಲಿ? ಮೂರು ಸಲ ಉಳಿದು ಕಂಡದ್ದು

ಬೆಂಗಳೂರಿನಲ್ಲಿ ಮನೆಯಿರುವವರಿಗೆ ವಂಡರ್‌ಲಾ ಎಂಬ ಆಟದ ಪಾರ್ಕು ಒಂದು ಹಗಲಿನ ಮಾತು. ಬೆಳಗ್ಗೆ ತಿಂಡಿ ಮುಗಿಸಿ ಹೊರಟವರು ರಾತ್ರಿಯ ಊಟಕ್ಕೆ ಮನೆ ಸೇರಿರುತ್ತಾರೆ. ದಾವಣಗೆರೆಯಂಥ ಊರಿನಿಂದ, ಅಂದರೆ 260 ಕಿಲೋಮೀಟರ್ ದೂರದಿಂದ, ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಬರುವವರಿಗೆ ಮಾತ್ರ ಟಿಕೆಟಿನ ಪ್ರಶ್ನೆಗಿಂತ ಮೊದಲೇ ಎದುರಾಗುವುದು ವಸ್ತಿಯ ಪ್ರಶ್ನೆ. ನಾವು ಐದು ಜನ: ಎಪ್ಪತ್ತು ದಾಟಿದ ನಮ್ಮ ಅತ್ತೆಯವರು, ನಾವಿಬ್ಬರು, ಒಬ್ಬ ಮಗ, ಒಬ್ಬಳು ಮಗಳು. 2024ರ ಬೇಸಿಗೆ ರಜೆಯಲ್ಲಿ, ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಮತ್ತು 2025ರ ದಸರಾ ರಜೆಯಲ್ಲಿ ಹೀಗೆ ಮೂರು ಸಲ ಹೋಗಿ, ಮೂರು ಸಲವೂ ಬೇರೆ ಬೇರೆ ಕಡೆ ತಂಗಿದ್ದೇವೆ. ಒಮ್ಮೆ ಮೆಜೆಸ್ಟಿಕ್ಕಿನ ಲಾಡ್ಜು, ಒಮ್ಮೆ ಬಿಡದಿಯ ಲಾಡ್ಜು, ಒಮ್ಮೆ ಪಾರ್ಕಿನವರದೇ ರೆಸಾರ್ಟು. ಈ ಬರಹ ಆ ಮೂರರ ತೂಕವೇ ಹೊರತು ಪಾರ್ಕಿನ ಆಟಗಳ ವಿಮರ್ಶೆಯಲ್ಲ.

ಆದರೂ ಪಾರ್ಕಿನ ಬಗ್ಗೆ ಎರಡು ಮಾತು ಹೇಳದೆ ವಸ್ತಿಯ ಲೆಕ್ಕ ಅರ್ಥವಾಗುವುದಿಲ್ಲ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಶುರುವಾದ ಸಂಸ್ಥೆ 2005ರಲ್ಲಿ ಬೆಂಗಳೂರಿನ ಈ ಪಾರ್ಕನ್ನು ತೆರೆಯಿತು. ಬೆಂಗಳೂರಿನ ಪಾರ್ಕ್ ಎಂದು ಕರೆದರೂ ಅದು ಇರುವುದು ಮೈಸೂರು ರಸ್ತೆಯಲ್ಲಿ 28ನೆಯ ಕಿಲೋಮೀಟರಿನ ಬಳಿ, ಹೆಜ್ಜಾಲಕ್ಕೂ ಬಿಡದಿಗೂ ಹತ್ತಿರ. 82 ಎಕರೆಯ ಜಾಗ. ಬೆಳಗ್ಗೆ 11 ಗಂಟೆಗೆ ತೆರೆದು ಸಂಜೆ 6ರ ಸುಮಾರಿಗೆ, ರಜೆಯ ದಿನಗಳಲ್ಲಿ ಅದಕ್ಕಿಂತ ಸ್ವಲ್ಪ ತಡವಾಗಿ ಮುಚ್ಚುತ್ತದೆ. ಈ ಹೊತ್ತನ್ನು ಗಮನವಿಟ್ಟು ನೋಡಬೇಕು. ಹನ್ನೊಂದಕ್ಕೆ ಬಾಗಿಲು ತೆರೆಯುವ ಜಾಗಕ್ಕೆ ಬೆಳಗ್ಗೆ ಬೇಗ ತಲುಪಬೇಕೆಂಬ ಆತುರದಲ್ಲಿ ಹತ್ತಿರದ ಕೋಣೆ ಹುಡುಕುವುದರಲ್ಲಿ ಹುರುಳಿಲ್ಲ. ಬೆಳಗ್ಗೆ ಎಲ್ಲಿಂದ ಬಂದರೂ ನಡೆಯುತ್ತದೆ. ಸಂಜೆ ಆರೂವರೆಗೆ, ಏಳು ತಾಸು ನೀರಿನಲ್ಲಿಯೂ ಬಿಸಿಲಿನಲ್ಲಿಯೂ ಕಳೆದ, ಹಸಿದ, ತಲೆಗೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುವ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗುತ್ತೀರಿ ಎನ್ನುವುದೇ ನಿಜವಾದ ಪ್ರಶ್ನೆ. ಮೊದಲ ಎರಡು ಸಲ ನಾವು ಕೋಣೆಯನ್ನು ಬೆಳಗಿನ ಲೆಕ್ಕದಲ್ಲಿ ಆರಿಸಿದ್ದೆವು. ಎರಡು ಸಲವೂ ತಪ್ಪಿದೆವು.

ಇನ್ನೊಂದು ಸಂಗತಿ ಎತ್ತರದ್ದು. ಇಲ್ಲಿ ಮಕ್ಕಳ ಟಿಕೆಟು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂಟಿಮೀಟರಿಗಿಂತ ಕಡಿಮೆ ಇರುವ ಮಕ್ಕಳಿಗೆ ಟಿಕೆಟಿಲ್ಲ, 85ರಿಂದ 140ರವರೆಗೆ ಮಕ್ಕಳ ಟಿಕೆಟು, ಅದರ ಮೇಲೆ ದೊಡ್ಡವರ ಟಿಕೆಟು. ರಿಕಾಯ್ಲ್‌ನಂಥ ಎದೆ ನಡುಗಿಸುವ ಆಟಗಳಿಗೂ 140 ಸೆಂಟಿಮೀಟರಿನ ಗೆರೆಯಿದೆ. ಮೊದಲ ಪ್ರವಾಸದಲ್ಲಿ ನನ್ನ ಮಗ ಆ ಗೆರೆಗಿಂತ ಎರಡು ಸೆಂಟಿಮೀಟರ್ ಕೆಳಗಿದ್ದ. ಅದರಿಂದಾಗಿ ನಾವೆಲ್ಲರೂ ದಿನವಿಡೀ ಒಟ್ಟಿಗೆ ಇದ್ದೆವು. ಮೂರನೆಯ ಪ್ರವಾಸದ ಹೊತ್ತಿಗೆ ಅವನು ಗೆರೆ ದಾಟಿದ್ದ, ಮಗಳು ದಾಟಿರಲಿಲ್ಲ. ಹೀಗಾದಾಗ ಕುಟುಂಬ ಎರಡು ಪಾಲಾಗುತ್ತದೆ. ಅಪ್ಪ ಮಗನ ಜೊತೆ ದೊಡ್ಡ ಆಟಗಳ ಸಾಲಿನಲ್ಲಿ, ಅಮ್ಮ ಮಗಳ ಜೊತೆ ಸಣ್ಣ ಆಟಗಳ ಕಡೆ. ಅಜ್ಜಿಯ ಪಕ್ಕದಲ್ಲಿ ಕುಳಿತುಕೊಳ್ಳಲು ಯಾರೂ ಉಳಿಯುವುದಿಲ್ಲ. ಆಟವಾಡುವವರಿಗೆ ಕೋಣೆ ಎಂಥದ್ದಾದರೂ ಒಂದೇ, ಅವರು ಅಲ್ಲಿಗೆ ಮಲಗಲು ಮಾತ್ರ ಬರುತ್ತಾರೆ. ಕೋಣೆ ಮುಖ್ಯವಾಗುವುದು ಆಟವಾಡದವರಿಗೆ. ಆದ್ದರಿಂದ ವಸ್ತಿಯನ್ನು ಮನೆಯ ಹಿರಿಯರ ಕಣ್ಣಿನಿಂದ ನೋಡಿ ಆರಿಸಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಮೊದಲ ಸಲ ನಾವು ಧಾರವಾಡದಿಂದ ಬರುವ ವಂದೇ ಭಾರತ್ ರೈಲು ಹತ್ತಿ ಸಂಜೆ ಬೆಂಗಳೂರಿನಲ್ಲಿ ಇಳಿದೆವು. ಕೆಂಪೇಗೌಡ ಬಸ್ ನಿಲ್ದಾಣ, ರೈಲು ನಿಲ್ದಾಣ, ಮೆಟ್ರೊ ಮೂರೂ ಒಂದೇ ಕಡೆ ಇರುವುದರಿಂದ ಮೆಜೆಸ್ಟಿಕ್ಕಿನ ಸುತ್ತ ಉಳಿಯುವುದು ದಾವಣಗೆರೆ, ಶಿವಮೊಗ್ಗ, ಹುಬ್ಬಳ್ಳಿ ಕಡೆಯವರಿಗೆ ರೂಢಿಯೇ ಆಗಿಹೋಗಿದೆ. ನಮ್ಮ ಮಾವನವರ ಕಾಲದಿಂದಲೂ ಬೆಂಗಳೂರಿಗೆ ಹೋದರೆ ಉಳಿಯುವುದು ಅಲ್ಲೇ. ಎರಡು ಕೋಣೆ ತೆಗೆದುಕೊಂಡೆವು, ಒಂದಕ್ಕೆ 1,600 ರೂಪಾಯಿ. ಊಟ ತಿಂಡಿಗೆ ಕೊರತೆಯಿಲ್ಲ, ರಾತ್ರಿ ಹತ್ತಕ್ಕೂ ಮೊಸರನ್ನ ಸಿಗುತ್ತದೆ, ಔಷಧದ ಅಂಗಡಿ ಕೆಳಗೇ ಇದೆ. ಆ ರಾತ್ರಿಯ ಮಟ್ಟಿಗೆ ದೂರಲು ಏನೂ ಇರಲಿಲ್ಲ.

ತೊಂದರೆ ಗೊತ್ತಾದದ್ದು ಮರುದಿನ ಸಂಜೆ. ಹೋಗುವಾಗ ಬಾಡಿಗೆ ಕಾರು ಒಂದು ಗಂಟೆಯ ಸುಮಾರಿಗೆ ತಲುಪಿಸಿತ್ತು. ಬರುವಾಗ ಅದೇ ದಾರಿಗೆ ಎರಡು ಗಂಟೆ ಮೇಲಾಯಿತು. ಸಂಜೆಯ ಮೈಸೂರು ರಸ್ತೆಯ ಸ್ವಭಾವ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ: ಕೆಂಗೇರಿಯಲ್ಲಿ ಒಮ್ಮೆ, ರಾಜರಾಜೇಶ್ವರಿ ನಗರದ ಕಮಾನಿನ ಬಳಿ ಒಮ್ಮೆ, ನಾಯಂಡಹಳ್ಳಿಯಲ್ಲಿ ಮತ್ತೊಮ್ಮೆ ಗಾಡಿ ನಿಂತೇ ನಿಲ್ಲುತ್ತದೆ. ಮಗಳು ಒದ್ದೆ ತಲೆಯಲ್ಲೇ ನಿದ್ದೆ ಹೋದಳು, ಅತ್ತೆಯವರ ಕಾಲು ಊದಿಕೊಂಡಿತು. ಕಾರಿಗೆ ಹೋಗಿ ಬರಲು ಕೊಟ್ಟ 2,400 ರೂಪಾಯಿಯನ್ನು ಸೇರಿಸಿದರೆ ಆ ರಾತ್ರಿಯ ವಸ್ತಿಗೆ ನಮಗೆ ಬಿದ್ದದ್ದು 3,200 ಅಲ್ಲ, 5,600. ಕೋಣೆಯ ಬಾಡಿಗೆಯನ್ನು ಮಾತ್ರ ನೋಡಿ ಅಗ್ಗವೆಂದು ತಿಳಿಯುವವರು ಈ ದಾರಿಯ ಖರ್ಚನ್ನು ಅದೇ ಸಾಲಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಮೆಜೆಸ್ಟಿಕ್ಕಿನಲ್ಲೇ ಉಳಿಯಬೇಕಾದವರಿಗೆ ಒಂದು ದಾರಿ ಉಂಟು, ಅದು ನಮಗೆ ಆಮೇಲೆ ಹೊಳೆಯಿತು. ಮೆಟ್ರೊದ ನೇರಳೆ ಮಾರ್ಗ 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದವರೆಗೆ ಮುಂದುವರಿದಿದೆ. ಪಾರ್ಕಿನಿಂದ ಚಲ್ಲಘಟ್ಟದವರೆಗೆ ಮಾತ್ರ ಗಾಡಿ ಮಾಡಿಕೊಂಡು ಅಲ್ಲಿ ಮೆಟ್ರೊ ಹತ್ತಿದರೆ, ಅದು ಕೊನೆಯ ನಿಲ್ದಾಣವಾದ್ದರಿಂದ ಕುಳಿತುಕೊಳ್ಳಲು ಜಾಗವೂ ಸಿಗುತ್ತದೆ, ನಾಯಂಡಹಳ್ಳಿಯ ನರಳಾಟವೂ ತಪ್ಪುತ್ತದೆ. ಇದೇ ಕಾರಣಕ್ಕೆ ಕೆಂಗೇರಿಯ ಆಸುಪಾಸಿನಲ್ಲಿ ಕೋಣೆ ಸಿಕ್ಕರೆ ಅದು ಮೆಜೆಸ್ಟಿಕ್ಕಿಗಿಂತ ಎಷ್ಟೋ ಮೇಲು. ಮರುದಿನ ಬೆಂಗಳೂರಿನಲ್ಲಿ ಲಾಲ್‌ಬಾಗು, ಕಬ್ಬನ್ ಪಾರ್ಕು ತೋರಿಸುವ ಯೋಚನೆ ಇದ್ದವರಿಗಂತೂ ನಾನು ಕೆಂಗೇರಿಯನ್ನೇ ಹೇಳುತ್ತೇನೆ.

ಎರಡನೆಯ ಸಲ ಸ್ವಂತ ಕಾರಿನಲ್ಲಿ ಬಂದೆವು. ದಾವಣಗೆರೆಯಿಂದ ತುಮಕೂರು ರಸ್ತೆಯಲ್ಲಿ ಬರುವವರು ಬೆಂಗಳೂರಿನ ಒಳಗೆ ಕಾಲಿಡಬೇಕಾಗಿಯೇ ಇಲ್ಲ. ಮಾದಾವರದ ಬಳಿ ನೈಸ್ ರಸ್ತೆ ಹಿಡಿದರೆ ಮೈಸೂರು ರಸ್ತೆಗೆ ಇಳಿಯಬಹುದು, ಟೋಲು ಕೊಡಬೇಕಷ್ಟೆ. ಇಲ್ಲಿಂದ ಮುಂದೆ ಎಚ್ಚರ ಬೇಕು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಏರಿಬಿಟ್ಟರೆ ಅದು ಊರುಗಳನ್ನೆಲ್ಲ ಬದಿಗೆ ಬಿಟ್ಟು ನಿಮ್ಮನ್ನು ಸೀದಾ ಮುಂದಕ್ಕೆ ಒಯ್ಯುತ್ತದೆ. ಪಾರ್ಕಿಗೂ ಬಿಡದಿಗೂ ಹೋಗುವವರು ಬದಿಯ ಸರ್ವಿಸ್ ರಸ್ತೆಯಲ್ಲೇ ಇರಬೇಕು. ಹೀಗಿದ್ದರೆ ಕಣಿಮಿಣಿಕೆಯ ಟೋಲಿನ ಪ್ರಶ್ನೆಯೂ ಬರುವುದಿಲ್ಲ. ನಮ್ಮ ಮನೆಯವರು ಮಾತಿನ ಭರದಲ್ಲಿ ಮುಖ್ಯ ಪಥಕ್ಕೆ ಏರಿಸಿದ್ದರಿಂದ ಬಿಡದಿಯನ್ನು ದಾಟಿ ಹೋಗಿ ಹಿಂದಿರುಗಬೇಕಾಯಿತು. ಬೈಕಿನಲ್ಲಿ ಬರುವವರಿಗೆ ಈ ಗೊಂದಲವಿಲ್ಲ, ಏಕೆಂದರೆ 2023ರ ಆಗಸ್ಟ್ ಒಂದರಿಂದ ದ್ವಿಚಕ್ರ ವಾಹನಗಳಿಗೂ ಆಟೊಗಳಿಗೂ ಮುಖ್ಯ ಪಥದಲ್ಲಿ ಪ್ರವೇಶವನ್ನೇ ನಿಲ್ಲಿಸಿದ್ದಾರೆ.

ಬಿಡದಿಯಲ್ಲಿ ವಸತಿಗೆ ಬರವಿಲ್ಲ. ಟೊಯೋಟಾ ಕಾರ್ಖಾನೆಯಿರುವ ಕೈಗಾರಿಕಾ ಪ್ರದೇಶ ಪಕ್ಕದಲ್ಲೇ ಇರುವುದರಿಂದ ಕಂಪನಿ ಕೆಲಸಕ್ಕೆ ಬಂದು ಹೋಗುವವರಿಗೆಂದೇ ಕಟ್ಟಿದ ಲಾಡ್ಜುಗಳಿವೆ. ಅವುಗಳ ಗುಣವೂ ದೋಷವೂ ಒಂದೇ ಮೂಲದಿಂದ ಬಂದದ್ದು. ಒಬ್ಬ ಮನುಷ್ಯ ರಾತ್ರಿ ಮಲಗಿ ಬೆಳಗ್ಗೆ ಏಳಕ್ಕೆ ಸ್ನಾನ ಮುಗಿಸಿ ಡ್ಯೂಟಿಗೆ ಹೊರಡುತ್ತಾನೆಂದು ಭಾವಿಸಿ ಎಲ್ಲವನ್ನೂ ಏರ್ಪಾಡು ಮಾಡಿರುತ್ತಾರೆ. ನಾವು ಉಳಿದ ಲಾಡ್ಜಿನ ಕೋಣೆ ಚೊಕ್ಕಟವಾಗಿತ್ತು, ಹಾಸಿಗೆ ಚೆನ್ನಾಗಿತ್ತು, ಕೋಣೆಗೆ 1,800 ರೂಪಾಯಿ ಹೆಚ್ಚೂ ಅಲ್ಲ. ಆದರೆ ಡಿಸೆಂಬರ್ ಕೊನೆಯ ಆ ಚಳಿಯ ಸಂಜೆ, ಪಾರ್ಕಿನಿಂದ ಬಂದು ಬಚ್ಚಲಿನ ನಲ್ಲಿ ತಿರುಗಿಸಿದರೆ ತಣ್ಣೀರು. ಕೆಳಗೆ ಹೋಗಿ ಕೇಳಿದಾಗ, ಬಾಗಿಲ ಹಿಂದೆ ಅಂಟಿಸಿದ್ದ ಚೀಟಿಯನ್ನು ಓದಿಲ್ಲವೇ ಎಂದು ಮರುಪ್ರಶ್ನೆ ಬಂತು. ಚೀಟಿಯಲ್ಲಿ ಬರೆದಿತ್ತು: ಬಿಸಿನೀರು ಬೆಳಗ್ಗೆ 6ರಿಂದ 9ರವರೆಗೆ ಮಾತ್ರ.

ಲಾಡ್ಜುಗಳಲ್ಲಿ ಉಳಿದು ಅಭ್ಯಾಸವಿರುವ ನಮಗೆ ಈ ನಿಯಮ ಹೊಸದೇನಲ್ಲ. ಆದರೂ ಕಾಯ್ದಿರಿಸುವಾಗ ಕೇಳಬೇಕೆಂದು ಹೊಳೆದಿರಲಿಲ್ಲ. ಬೇರೆ ಯಾವ ಪ್ರವಾಸದಲ್ಲಾದರೂ ಬೆಳಗಿನ ಬಿಸಿನೀರು ಸಾಕು. ಏಳು ತಾಸು ಕ್ಲೋರಿನ್ ನೀರಿನಲ್ಲಿ ಬಿದ್ದು ಎದ್ದು ಬಂದವರಿಗೆ ಮಾತ್ರ ಸಂಜೆಯ ಸ್ನಾನ ಆಗಲೇಬೇಕು. ಕೊನೆಗೆ ಅಡುಗೆಮನೆಯಿಂದ ಎರಡು ಬಕೆಟ್ ನೀರು ಕಾಯಿಸಿ ತರಿಸಿಕೊಂಡು, ಒಂದು ಬಕೆಟಿನಲ್ಲಿ ಇಬ್ಬರು ಮಕ್ಕಳ ಸ್ನಾನ ಮುಗಿಸಿದೆವು. ಆದ್ದರಿಂದ ಫೋನಿನಲ್ಲಿ ಕೋಣೆ ಕೇಳುವಾಗ ಮೊದಲ ಪ್ರಶ್ನೆ ಬಾಡಿಗೆಯದಲ್ಲ, ಕೋಣೆಯಲ್ಲೇ ಗೀಸರ್ ಇದೆಯೇ, ಅದು ದಿನವಿಡೀ ಕೆಲಸ ಮಾಡುತ್ತದೆಯೇ ಎಂಬುದು. ಸೋಲಾರ್ ಎಂದರೆ, ಮೋಡದ ದಿನ ಏನು ಮಾಡುತ್ತೀರಿ ಎಂದೂ ಕೇಳಬೇಕು. ಎರಡನೆಯ ಪ್ರಶ್ನೆ ಲಿಫ್ಟಿನದು. ಎರಡನೆಯ ಮಹಡಿ ಎಂದರೆ ನಮಗೆ ಏನೂ ಅಲ್ಲ. ಮಂಡಿನೋವಿನ ಅತ್ತೆಯವರು ಆ ಮೆಟ್ಟಿಲುಗಳನ್ನು ದಿನಕ್ಕೆ ಮೂರು ಸಲ ಹತ್ತಿ ಇಳಿದರು, ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ಬಿಡದಿಯ ಪರವಾಗಿ ಹೇಳಬೇಕಾದದ್ದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಪಾರ್ಕಿಗೆ ಕೆಲವೇ ನಿಮಿಷದ ದಾರಿ. ಬೆಳಗ್ಗೆ ಹನ್ನೊಂದರವರೆಗೆ ಹೊತ್ತು ಕಳೆಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ, ಏಕೆಂದರೆ ಇದು ತಟ್ಟೆ ಇಡ್ಲಿಯ ಊರು. ತಟ್ಟೆಯಗಲದ ಇಡ್ಲಿಯ ಮೇಲೆ ಬೆಣ್ಣೆ ಕರಗುತ್ತಿರುವಾಗ, ಬೆಣ್ಣೆದೋಸೆಯ ಊರಿನವರಾದ ನಾವೂ ಸೋಲೊಪ್ಪಿಕೊಂಡೆವು. ಹೊರಗಿನ ತಿನಿಸನ್ನು ಪಾರ್ಕಿನೊಳಗೆ ಬಿಡುವುದಿಲ್ಲವಾದ್ದರಿಂದ ಬೆಳಗ್ಗೆ ಹೊಟ್ಟೆ ತುಂಬಿಸಿಕೊಂಡು ಹೋಗುವುದು ಲೆಕ್ಕದ ದೃಷ್ಟಿಯಿಂದಲೂ ಜಾಣತನ. ದೊಡ್ಡ ಹೋಟೆಲುಗಳಲ್ಲಿ ಕೋಣೆಯ ಜೊತೆ ಉಚಿತವೆಂದು ಕೊಡುವ ತಿಂಡಿಗೆ ಬಾಡಿಗೆಯಲ್ಲೇ ದುಡ್ಡು ಸೇರಿರುತ್ತದೆ. ಬಿಡದಿಯಲ್ಲಿ ಉಳಿಯುವವರು ತಿಂಡಿಯಿಲ್ಲದ ಕೋಣೆಯನ್ನೇ ಕೇಳಿ ತೆಗೆದುಕೊಂಡು, ಉಳಿದ ಹಣದಲ್ಲಿ ಇಡ್ಲಿ ತಿನ್ನಲಿ.

ಐದು ಜನರ ಕುಟುಂಬ ಹೋಟೆಲಿನವರ ಲೆಕ್ಕದಲ್ಲಿ ಬಹಳ ತೊಡಕಿನ ಸಂಖ್ಯೆ. ಒಂದು ಕೋಣೆಗೆ ಇಬ್ಬರು, ಹೆಚ್ಚೆಂದರೆ ಮೂವರು. ಎಕ್ಸ್‌ಟ್ರಾ ಬೆಡ್ ಎಂದರೆ ಬಹಳ ಕಡೆ ನೆಲಕ್ಕೆ ಹಾಸುವ ಒಂದು ಹಾಸಿಗೆ, ಅಷ್ಟೆ. ಅದಕ್ಕೆ ಬೇರೆ ದರ. ಹಾಗಾಗಿ ಒಂದು ದೊಡ್ಡ ಫ್ಯಾಮಿಲಿ ರೂಮೋ, ಎರಡು ಸಾಧಾರಣ ಕೋಣೆಗಳೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಪ್ರತಿ ಸಲವೂ ಏಳುತ್ತದೆ. ಇದಕ್ಕೆ ತೆರಿಗೆಯೂ ಒಂದು ಉತ್ತರ ಕೊಡುತ್ತದೆ. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿಯವರೆಗಿನ ಕೋಣೆಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದಕ್ಕಿಂತ ಮೇಲಿನದಕ್ಕೆ ಶೇ 18 ಹಾಗೆಯೇ ಇದೆ. 8,000 ರೂಪಾಯಿಯ ಒಂದು ದೊಡ್ಡ ಕೋಣೆಗೆ ತೆರಿಗೆ ಸೇರಿ 9,440 ಆಗುತ್ತದೆ. 4,500ರ ಎರಡು ಕೋಣೆಗಳಿಗೆ 9,450. ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟರೆ ಎರಡು ಬಚ್ಚಲು ಸಿಗುತ್ತವೆ. ಸಂಜೆ ಆರೂವರೆಗೆ ಐದು ಜನ ಒಂದೇ ಬಚ್ಚಲಿನ ಮುಂದೆ ಟವೆಲು ಹಿಡಿದು ನಿಂತ ಅನುಭವ ಉಳ್ಳವರಿಗೆ ಇದರ ಬೆಲೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಸಲ, ಹೋದ ದಸರಾ ರಜೆಯಲ್ಲಿ, ಪಾರ್ಕಿನವರದೇ ವಂಡರ್‌ಲಾ ರೆಸಾರ್ಟಿನಲ್ಲಿ ಉಳಿದೆವು. ಇದು 2012ರಲ್ಲಿ ಆರಂಭವಾದದ್ದು, ಮೂರು ನಕ್ಷತ್ರದ ದರ್ಜೆಯದು, 84 ಕೋಣೆಗಳಿವೆ, ಈಜುಕೊಳವೂ ಊಟದ ಮನೆಯೂ ಇವೆ. ಇತ್ತೀಚೆಗೆ, 2025ರಲ್ಲಿ, ಐಲ್ ಎಂಬ ಹೆಸರಿನಲ್ಲಿ ಇದಕ್ಕಿಂತ ದುಬಾರಿಯಾದ ಇನ್ನೊಂದು ವಸತಿಯನ್ನೂ ತೆರೆದಿದ್ದಾರೆ. ನಾವು ಉಳಿದದ್ದು ಹಳೆಯದರಲ್ಲಿ. ಬಿಡದಿಯ ಲಾಡ್ಜಿಗೆ ಕೊಟ್ಟದ್ದರೊಡನೆ ಇದರ ಬಾಡಿಗೆಯನ್ನು ಹೋಲಿಸಿದರೆ ಎದೆ ಧಸಕ್ಕೆನ್ನುತ್ತದೆ. ಮೊದಲೆರಡು ಸಲ ನಾವು ಇದರ ಕಡೆ ತಿರುಗಿಯೂ ನೋಡದಿದ್ದದ್ದು ಅದಕ್ಕೇ. ಹೀಗಿದ್ದೂ ಮೂರನೆಯ ಸಲ ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ, ಅತ್ತೆಯವರಿಗಾಗಿ.

ಲೆಕ್ಕ ಹೀಗಿತ್ತು. ಹಿಂದಿನ ಎರಡು ಪ್ರವಾಸಗಳಲ್ಲಿ ಅವರಿಗೂ ಟಿಕೆಟು ತೆಗೆಸಿದ್ದೆವು. ಅರವತ್ತು ದಾಟಿದವರಿಗೆ ರಿಯಾಯಿತಿ ಇದ್ದರೂ ಅದು ಟಿಕೆಟೇ. ಒಳಗೆ ಹೋಗಿ ಅವರು ಮಾಡಿದ್ದೆಂದರೆ ನೆರಳಿದ್ದ ಕಡೆ ಕಲ್ಲುಬೆಂಚಿನ ಮೇಲೆ ಕುಳಿತು ನಮ್ಮ ಚಪ್ಪಲಿ, ಬ್ಯಾಗುಗಳನ್ನು ಕಾದದ್ದು. ಲಾಕರುಗಳು ಇರುವಾಗ ಇದಕ್ಕೆ ಅಜ್ಜಿಯನ್ನು ಕರೆತರಬೇಕೇ ಎಂದು ಮಗನೇ ಕೇಳಿದ. ದಸರಾ ಪ್ರವಾಸದಲ್ಲಿ ಅವರಿಗೆ ಟಿಕೆಟನ್ನೇ ತೆಗೆಯಲಿಲ್ಲ. ಬೆಳಗ್ಗೆ ಬಂದು ಸಾಮಾನನ್ನು ರೆಸಾರ್ಟಿನಲ್ಲಿ ಇಟ್ಟು ನಾವು ನಾಲ್ವರು ಪಾರ್ಕಿಗೆ ಹೋದೆವು. ಅವರು ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದು, ಮಧ್ಯಾಹ್ನ ಕೋಣೆ ಸಿಕ್ಕ ಮೇಲೆ ಊಟ ಮಾಡಿ ನಿದ್ದೆ ತೆಗೆದರು. ಸಂಜೆ ನಾವು ಬಂದಾಗ ತಲೆ ಬಾಚಿಕೊಂಡು, ಹೂವು ಮುಡಿದು, ಪಾರ್ಕಿನಿಂದ ಮರಳುವ ಜನರನ್ನು ನೋಡುತ್ತ ಕುಳಿತಿದ್ದರು. ಮೂರು ಪ್ರವಾಸಗಳಲ್ಲಿ ಅವರು ಮರುದಿನ ಮಾತ್ರೆ ಕೇಳದೆ ಇದ್ದದ್ದು ಇದೊಂದರಲ್ಲೇ. ನಮಗೂ ಅವರ ಚಿಂತೆಯಿರಲಿಲ್ಲ, ಗಡಿಯಾರ ನೋಡದೆ ಮಗಳ ಜೊತೆ ಲೇಜಿ ರಿವರಿನಲ್ಲಿ ತೇಲಿದೆ. ಬೆಚ್ಚಗಿನ ನೀರಿನ ರೈನ್ ಡಿಸ್ಕೊದಲ್ಲಿ ಮುಚ್ಚುವ ಹೊತ್ತಿನವರೆಗೆ ಕುಣಿದು, ಒದ್ದೆ ಮೈಯಲ್ಲೇ ಬೇಗ ಕೋಣೆ ಸೇರಿದೆವು. ದಾರಿಯ ಖರ್ಚಿಲ್ಲ, ಗಾಡಿಗೆ ಕಾಯುವುದಿಲ್ಲ, ಒಂದು ಟಿಕೆಟಿನ ಉಳಿತಾಯ ಬೇರೆ.

ಹಾಗೆಂದು ಎಲ್ಲರಿಗೂ ರೆಸಾರ್ಟನ್ನೇ ಹೇಳುವಷ್ಟು ಧೈರ್ಯ ನನಗಿಲ್ಲ. ಮನೆಯಲ್ಲಿ ಹಿರಿಯರೂ ಕೈಗೂಸೂ ಇಲ್ಲದೆ, ನಾಲ್ವರೂ ಆಟವಾಡುವವರೇ ಆಗಿದ್ದರೆ, ಹಗಲೆಲ್ಲ ಬೀಗ ಹಾಕಿದ ಕೋಣೆಗೆ ಅಷ್ಟು ದುಡ್ಡು ಸುರಿಯುವುದು ದಂಡ. ಗೀಸರ್ ಇರುವ ಬಿಡದಿಯ ಲಾಡ್ಜು ಅವರಿಗೆ ಧಾರಾಳವಾಗಿ ಸಾಕು. ರೆಸಾರ್ಟಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಊರಿಲ್ಲವಾದ್ದರಿಂದ ರಾತ್ರಿಯ ಊಟಕ್ಕೆ ಅಲ್ಲಿನ ದರವನ್ನೇ ಒಪ್ಪಬೇಕು, ಇಲ್ಲವೇ ಕಾರು ತೆಗೆಯಬೇಕು. 84 ಕೋಣೆ ಎಂದರೆ ಕೇಳಲು ಬಹಳ ಅನ್ನಿಸುತ್ತದೆ, ರಜೆಯ ವಾರಗಳಲ್ಲಿ ಅದು ಏನೂ ಅಲ್ಲ. ವಾರದ ನಡುವಿನ ದಿನಗಳನ್ನು ಹಿಡಿದು ಮೊದಲೇ ಕಾಯ್ದಿರಿಸಿದವರಿಗೆ ಕೋಣೆಯೂ ಸಿಗುತ್ತದೆ, ಪಾರ್ಕಿನ ಟಿಕೆಟಿನ ದರವೂ ಶನಿವಾರ ಭಾನುವಾರಕ್ಕಿಂತ ಕಡಿಮೆ ಇರುತ್ತದೆ. ಕಾಯ್ದಿರಿಸುವ ಮುನ್ನ ಎರಡನ್ನು ಸ್ಪಷ್ಟ ಮಾಡಿಕೊಳ್ಳಿ: ಹೇಳಿದ ಬೆಲೆಯಲ್ಲಿ ಪಾರ್ಕಿನ ಟಿಕೆಟು ಸೇರಿದೆಯೇ, ಸೇರಿದ್ದರೆ ಎಷ್ಟು ಜನರದು, ಮಧ್ಯೆ ಒಮ್ಮೆ ಕೋಣೆಗೆ ಬಂದು ಮತ್ತೆ ಒಳಗೆ ಹೋಗಲು ಅವಕಾಶವಿದೆಯೇ. ಮಧ್ಯಾಹ್ನ ಮಲಗಲೇಬೇಕಾದ ಚಿಕ್ಕ ಮಗು ಇರುವವರಿಗೆ ಈ ಎರಡನೆಯ ಉತ್ತರದ ಮೇಲೆಯೇ ಇಡೀ ದಿನ ನಿಂತಿರುತ್ತದೆ.

ಯಾವ ರಾತ್ರಿ ಉಳಿಯಬೇಕು ಎಂಬುದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಹಿಂದಿನ ದಿನವೇ ಬಂದು ಉಳಿದು, ಪಾರ್ಕು ಮುಗಿಸಿ ಅಂದೇ ರಾತ್ರಿ ಊರಿಗೆ ಹೊರಡುವುದು ನಮ್ಮ ಕಡೆಯ ಸಾಮಾನ್ಯ ಪದ್ಧತಿ. ಇದರಲ್ಲಿ ಕೋಣೆ ತಪ್ಪು ಹೊತ್ತಿನಲ್ಲಿ ಕೈಬಿಡುತ್ತದೆ: ಬೆಳಗ್ಗೆ ಹನ್ನೊಂದು ಹನ್ನೆರಡಕ್ಕೆ ಖಾಲಿ ಮಾಡಬೇಕು, ಸಂಜೆ ಒದ್ದೆಯಾಗಿ ಬಂದಾಗ ಹೋಗಲು ಜಾಗವಿಲ್ಲ, ಮೇಲೆ ದಣಿದ ಮೈಯಲ್ಲಿ ರಾತ್ರಿ 260 ಕಿಲೋಮೀಟರ್ ಕಾರು ಓಡಿಸಬೇಕು. ಎರಡನೆಯ ಸಲ ನಾವು ಎರಡು ರಾತ್ರಿ ಉಳಿದು ಈ ತೊಡಕನ್ನು ದುಡ್ಡು ಕೊಟ್ಟು ತಪ್ಪಿಸಿಕೊಂಡೆವು. ದಸರಾದಲ್ಲಿ ಮಾಡಿದ್ದು ಬೇರೆ. ಬೆಳಗಿನ ನಾಲ್ಕೂವರೆಗೆ ದಾವಣಗೆರೆ ಬಿಟ್ಟು, ಶಿರಾದ ಬಳಿ ತಿಂಡಿ ಮುಗಿಸಿ, ನೈಸ್ ರಸ್ತೆಯಲ್ಲಿ ಬಂದು ಹತ್ತೂವರೆಯ ಒಳಗೆ ತಲುಪಿದೆವು. ಒಂದೇ ರಾತ್ರಿಯ ಬಾಡಿಗೆ, ಅದೂ ಬೇಕಾದ ರಾತ್ರಿಯದು. ಇನ್ನೂರೈವತ್ತು, ಮುನ್ನೂರು ಕಿಲೋಮೀಟರಿನ ಒಳಗಿನ ಊರುಗಳಿಂದ ಕಾರಿನಲ್ಲಿ ಬರುವ ಯಾರಿಗಾದರೂ ಇದೇ ಸರಿಯಾದ ಕ್ರಮವೆಂದು ಈಗ ನನಗೆ ಸಂಶಯವಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರಿಗೆ ಇದು ಸಾಧ್ಯವಿಲ್ಲ. ಅವರು ರಾತ್ರಿ ರೈಲಿನಲ್ಲಿ ಬಂದು ಇಳಿಯುವುದೇ ಲೇಸು.

ಬಟ್ಟೆ ಒಣಗಿಸುವ ಸಮಸ್ಯೆಯನ್ನು ಯಾವ ಹೋಟೆಲೂ ಬಗೆಹರಿಸಿಲ್ಲ. ನೀರಿನ ಆಟಗಳಿಗೆ ಹತ್ತಿಯ ಬಟ್ಟೆ ಹಾಕಲು ಬಿಡುವುದಿಲ್ಲ, ನೈಲಾನ್ ಮಾದರಿಯ ಉಡುಪೇ ಆಗಬೇಕು. ಅದು ಬೇಗ ಒಣಗುತ್ತದೆ ನಿಜ, ಆದರೆ ಜೊತೆಗೆ ಒಯ್ದ ಐದು ಟವೆಲುಗಳು ಒಣಗುವುದಿಲ್ಲ. ಕೋಣೆಯಲ್ಲಿ ಹಗ್ಗ ಕಟ್ಟಲು ಮೊಳೆ ಕೂಡ ಇರುವುದಿಲ್ಲ. ಮೆಜೆಸ್ಟಿಕ್ಕಿನಲ್ಲಿ ಕುರ್ಚಿಗಳ ಬೆನ್ನಿಗೆ ಹರವಿದೆವು, ಬಿಡದಿಯಲ್ಲಿ ಕಿಟಕಿಯ ಸರಳಿಗೆ. ಕೋಣೆಗೆ ಬಾಲ್ಕನಿ ಇದೆಯೇ ಎಂದು ಕೇಳುವವರು ಸಾಮಾನ್ಯವಾಗಿ ನೋಟಕ್ಕಾಗಿ ಕೇಳುತ್ತಾರೆ. ನಾನು ಕೇಳುವುದು ಟವೆಲಿಗಾಗಿ.

ಮೈಸೂರಿನಲ್ಲಿ ಉಳಿದು ವಂಡರ್‌ಲಾಗೆ ಬಂದು ಹೋಗುವ ಯೋಚನೆಯನ್ನು ಕೆಲವರು ಹೇಳುತ್ತಾರೆ. ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಿ ಅಷ್ಟೇ ದೂರ ಮರಳುವುದು, ಅದೂ ಟೋಲು ಕೊಟ್ಟು, ನನಗೆ ಒಪ್ಪಿಗೆಯಾಗುವುದಿಲ್ಲ. ಪಾರ್ಕು ಮುಗಿಸಿ ಅಲ್ಲಿಂದಲೇ ಮೈಸೂರಿಗೆ ಮುಂದುವರಿಯುವುದಾದರೆ ಮಾತು ಬೇರೆ: ಬಟ್ಟೆ ಬದಲಿಸಿಕೊಂಡ ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿರುತ್ತಾರೆ, ಎರಡು ಗಂಟೆಯಲ್ಲಿ ಊರು ಬರುತ್ತದೆ. ದಸರಾ ದಿನಗಳಲ್ಲಿ ಮಾತ್ರ ಮೈಸೂರಿನ ಕೋಣೆಗಳ ಬಾಡಿಗೆ ಕೇಳಿ ಆಮೇಲೆ ಹೊರಡಿ.

ಹತ್ತು ಹನ್ನೆರಡು ಜನ ಸೇರಿ ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಂಡು ಬರುವವರು ಡ್ರೈವರಿನ ವಸ್ತಿಯನ್ನೂ ಕೋಣೆ ಕೇಳುವಾಗಲೇ ಕೇಳಬೇಕು. ಬಾಟಾ ಕೊಟ್ಟರೆ ಆಯಿತು ಎಂದುಕೊಂಡು ಬಹಳ ಜನ ಅವರನ್ನು ಗಾಡಿಯಲ್ಲೇ ಮಲಗಲು ಬಿಡುತ್ತಾರೆ. ಬಿಡದಿಯ ಲಾಡ್ಜಿನಲ್ಲಿ ನಾವಿದ್ದ ರಾತ್ರಿ ಅಂಥ ಒಬ್ಬರು ಗಾಡಿಯ ಸೀಟಿನಲ್ಲಿ ಸೊಳ್ಳೆ ಹೊಡೆಯುತ್ತ ಎರಡು ಗಂಟೆಯವರೆಗೆ ಎಚ್ಚರವಿದ್ದದ್ದು ನಮ್ಮ ಕಿಟಕಿಗೆ ಕಾಣುತ್ತಿತ್ತು. ಬೆಳಗ್ಗೆ ಆರಕ್ಕೆ ಅವರೇ ಸ್ಟೀರಿಂಗ್ ಹಿಡಿದು ಹನ್ನೆರಡು ಜನರನ್ನು ಹೊರಡಿಸಿಕೊಂಡು ಹೋದರು. ಕೆಲವು ಲಾಡ್ಜುಗಳಲ್ಲಿ ಡ್ರೈವರುಗಳಿಗೆಂದು ಡಾರ್ಮಿಟರಿ ಇರುತ್ತದೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.